ನನ್ನ ಅನುಭವ: ಘಾನಾದ ಬೀಜ, ಕಾರ್ಕಳದ ಕತ್ತರಿ

2025ರ ಜುಲೈ ಮೊದಲ ವಾರದ ಜಡಿಮಳೆಯಲ್ಲಿ ಪಣಂಬೂರು ಬಂದರಿನಿಂದ ನಮ್ಮ ಕಾರ್ಖಾನೆಗೆ ಬಂದ ಗೇರುಬೀಜದ ಆರು ಕಂಟೇನರ್‌ಗಳ ಸೀಲು ಒಡೆದು, ಪ್ರತಿಯೊಂದರಿಂದ ಮಾದರಿ ತೆಗೆದು ಕತ್ತರಿಸಿದಾಗ ಸರಾಸರಿ ಔಟ್‌ಟರ್ನ್, ಅಂದರೆ 80 ಕಿಲೋ ಕಚ್ಚಾ ಬೀಜದಿಂದ ಸಿಗುವ ತಿರುಳು, 48 ಪೌಂಡಿನ ಆಸುಪಾಸಿನಲ್ಲಿ ಬಂತು. ಘಾನಾದ ಗೋದಾಮಿನಲ್ಲಿ ತುಂಬಿಸುವಾಗ ಬರೆದದ್ದೂ ಹೆಚ್ಚುಕಡಿಮೆ ಅಷ್ಟೇ. ಆಫ್ರಿಕಾದ ಬೀಜ ತರಿಸುವವರಿಗೆ ಈ ಎರಡು ಅಂಕೆಗಳು ಒಂದಕ್ಕೊಂದು ತಾಳೆಯಾಗುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ. ನಾನು ಏಜೆಂಟರನ್ನು ಬಿಟ್ಟು ಘಾನಾದ ರೈತರಿಂದಲೇ ಬೀಜ ತರಿಸಲು ಶುರುಮಾಡಿದಾಗ ಬಂದರು ಪ್ರದೇಶದ ಹಿರಿಯ ವ್ಯಾಪಾರಿಯೊಬ್ಬರು, "ಅಲ್ಲಿನ ರೈತರ ಸಂಘಕ್ಕೆ ನೇರವಾಗಿ ಮುಂಗಡ ಕೊಡುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಮಾರಾಯ" ಎಂದಿದ್ದರು. ಕಳೆದ ವರ್ಷ ಅವರೇ ನಮ್ಮಲ್ಲಿಗೆ ಬಂದು ಒಪ್ಪಂದದ ಪ್ರತಿ ಕೇಳಿದರು. ಬೇರೆ ಹಲವರೂ ಕೇಳುತ್ತಿರುವುದರಿಂದ, ಹೇಳಬಹುದಾದಷ್ಟನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಮ್ಮದು ಕಾರ್ಕಳ ಸಮೀಪದ ಮಧ್ಯಮ ಗಾತ್ರದ ಕಾರ್ಖಾನೆ. ದಿನಕ್ಕೆ ಸುಮಾರು ಐದು ಟನ್ ಕಚ್ಚಾ ಬೀಜ ಬೇಕು, ನೂರಿಪ್ಪತ್ತರಷ್ಟು ಕೆಲಸಗಾರರಿದ್ದಾರೆ, ಅವರಲ್ಲಿ ಹೆಚ್ಚಿನವರು ಹೆಂಗಸರು. ಊರಿನ ಬೀಜ ಮೂರ್ನಾಲ್ಕು ತಿಂಗಳಿಗೆ ಸಾಕಾದರೆ ಪುಣ್ಯ, ಉಳಿದದ್ದು ಹೊರಗಿನಿಂದಲೇ ಬರಬೇಕು. 1920ರ ದಶಕದಲ್ಲಿ ಪೀರ್ಸ್ ಲೆಸ್ಲಿ ಕಂಪನಿ ಮಂಗಳೂರಿನಲ್ಲಿ ಗೇರು ಸಂಸ್ಕರಣೆ ಆರಂಭಿಸಿದ ನಂತರ ಬೆಳೆದ ಈ ಉದ್ಯಮ ಬಹಳ ಹಿಂದಿನಿಂದಲೂ ಆಫ್ರಿಕಾದ ಬೀಜವನ್ನು ನಂಬಿಕೊಂಡು ಬಂದಿದೆ. ಆದರೆ ಆ ಬೀಜ ಬೆಳೆದವನ ಮುಖವನ್ನು ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ? ನಡುವೆ ಏಜೆಂಟ್, ಅವನ ಕೆಳಗೆ ಇನ್ನೊಬ್ಬ, ಅವನ ಕೆಳಗೆ ಮೋಟಾರ್ ಸೈಕಲಿನಲ್ಲಿ ಹಳ್ಳಿ ಸುತ್ತುವ ಮತ್ತೊಬ್ಬ.

ನಾನು ಮೊದಲ ಬಾರಿ ಘಾನಾಕ್ಕೆ ಹೋದದ್ದು 2017ರಲ್ಲಿ, ವ್ಯಾಪಾರಕ್ಕಾಗಿಯಲ್ಲ, ಒಂದು ವಿದೇಶಿ ನೆರವಿನ ಯೋಜನೆಯವರು ತರಬೇತಿ ಕೊಡಲು ಕರೆದದ್ದಕ್ಕಾಗಿ. ಟೆಮಾ ಬಂದರಿನಿಂದ ಉತ್ತರಕ್ಕೆ ಇಡೀ ದಿನದ ದಾರಿಯಾದ ಟೆಚಿಮಾನ್, ವೆಂಚಿ, ಸಾಂಪಾ ಸುತ್ತಲಿನ ಸೀಮೆ ಅಲ್ಲಿನ ಗೇರುನಾಡು. ಆ ವರ್ಷವೇ ಆಗಿನ ಅಧ್ಯಕ್ಷ ನಾನಾ ಅಕುಫೊ-ಆಡೊ ಅವರು 'ಘಾನಾ ಬಿಯಾಂಡ್ ಏಡ್', ಅಂದರೆ ನೆರವಿನ ಆಚೆಗಿನ ಘಾನಾ, ಎಂಬ ಮಾತನ್ನು ಚಾಲ್ತಿಗೆ ತಂದಿದ್ದರು. ನಮಗೆ ಸಹಾಯಧನ ಬೇಡ, ಸಮಾನರಂತೆ ವ್ಯಾಪಾರ ಮಾಡೋಣ ಎಂಬುದು ಅದರ ತಿರುಳು. ಹೋಟೆಲಿನ ಸಭಾಂಗಣದಲ್ಲಿ ಅದನ್ನು ಕೇಳಿದಾಗ ಎಲ್ಲ ದೇಶಗಳ ಭಾಷಣದಂತೆ ಇದೂ ಒಂದು ಎಂದುಕೊಂಡಿದ್ದೆ. ಮಾರನೆಯ ದಿನ ಹಳ್ಳಿಯ ಸಂಸ್ಕರಣಾ ಘಟಕವನ್ನು ನೋಡಿದ ಮೇಲೆ ಆ ಮಾತಿನ ಹಿಂದಿನ ಸಂಕಟ ಅರ್ಥವಾಯಿತು.

ತಗಡಿನ ದೊಡ್ಡ ಕಟ್ಟಡ, ಬಾಗಿಲ ಮೇಲೆ ನೆರವು ಕೊಟ್ಟವರ ಲಾಂಛನಗಳ ಫಲಕ, ಒಳಗೆ ಸ್ವಯಂಚಾಲಿತ ಕಟಿಂಗ್ ಯಂತ್ರ. ಅದರ ಬ್ಲೇಡುಗಳನ್ನು ಹಿಡಿದಿಡುವ ಬೋಲ್ಟುಗಳಲ್ಲಿ ಅರ್ಧ ಇರಲಿಲ್ಲ. ಬೀಜ ಇಳಿಯುವ ಬಾಯಿಯಲ್ಲಿ ಜೇಡ ಬಲೆ ಕಟ್ಟಿತ್ತು. ಬಾಯ್ಲರಿನ ಪಕ್ಕದಲ್ಲಿ ಹಿಂದಿನ ಹಂಗಾಮಿನ ಹತ್ತಿಪ್ಪತ್ತು ಗೋಣಿ ಬೀಜ ಹಾಗೆಯೇ ಬಿದ್ದು ಕಪ್ಪಾಗಿತ್ತು. ಯಂತ್ರ ಕೆಟ್ಟದ್ದರಿಂದ ಘಟಕ ನಿಂತಿತು ಎಂದು ಯೋಜನೆಯವರ ವರದಿ ಹೇಳುತ್ತಿತ್ತು. ಆ ಘಟಕದ ರೈತರ ಸಂಘದ ಕಾರ್ಯದರ್ಶಿಯನ್ನು ವಿಚಾರಿಸಿದಾಗ ಬೇರೆಯೇ ಕಾರಣ ಹೊರಬಂತು. ಫೆಬ್ರವರಿಯಿಂದ ಜೂನ್ ಒಳಗೆ ಇಡೀ ವರ್ಷದ ಬೀಜ ಕೊಂಡಿಡಬೇಕು, ಅದಕ್ಕೆ ಕೈಯಲ್ಲಿ ರೊಕ್ಕ ಬೇಕು. ಅಲ್ಲಿನ ಬ್ಯಾಂಕಿನ ಬಡ್ಡಿ ಶೇ. 30ರ ಹತ್ತಿರ. ಯಂತ್ರ ದಾನವಾಗಿ ಬಂತು, ತರಬೇತಿ ದಾನವಾಗಿ ಬಂತು, ಬೀಜ ಕೊಳ್ಳುವ ಬಂಡವಾಳವನ್ನಾಗಲೀ ತಿರುಳು ಕೊಳ್ಳುವ ಗಿರಾಕಿಯನ್ನಾಗಲೀ ಯಾರೂ ಕೊಡಲಿಲ್ಲ. ಯೋಜನೆಯ ಅವಧಿ ಮುಗಿದ ತಿಂಗಳೇ ಕಾವಲುಗಾರನ ಸಂಬಳವೂ ನಿಂತಿತಂತೆ. ಇದನ್ನು ನಾನು ಯಾರ ಮೇಲೂ ಹೊರಿಸುತ್ತಿಲ್ಲ. ಬಂದವರು ಒಳ್ಳೆಯ ಮನಸ್ಸಿನವರೇ. ಆದರೆ ಅವರಿಗೆ ಬೀಜದ ಅಗತ್ಯ ಇರಲಿಲ್ಲ, ನನಗೆ ಇತ್ತು. ಆ ವ್ಯತ್ಯಾಸದ ಮೇಲೆಯೇ ಏನಾದರೂ ಕಟ್ಟಬಹುದೆಂದು ಹೊಳೆದದ್ದು ವಾಪಸು ಬರುವ ದಾರಿಯಲ್ಲಿ.

ಹೊಳೆದದ್ದು ಸರಿ, ಕೈಗೂಡಲು ಆರು ವರ್ಷ ಬೇಕಾಯಿತು.

2018ರ ಮೊದಲ ಪ್ರಯತ್ನದ ಲೆಕ್ಕ ಈಗಲೂ ಹೊಟ್ಟೆ ಉರಿಸುತ್ತದೆ. ಆ ಸಂಘದಿಂದ ತರಿಸಿದ್ದು ನಲವತ್ತಡಿಯ ನಾಲ್ಕು ಕಂಟೇನರ್, ಸುಮಾರು 100 ಟನ್, ಟನ್ನಿಗೆ 1,700 ಡಾಲರ್ ಆಸುಪಾಸು. ಕಾಗದದಲ್ಲಿ 48 ಪೌಂಡ್ ಇತ್ತು, ಇಲ್ಲಿ ಕತ್ತರಿಸಿದಾಗ 44. ಒಂದು ಕಿಲೋ ಮಾದರಿಯಲ್ಲಿ 272 ಗ್ರಾಂ ತಿರುಳು ಬರಬೇಕಾದಲ್ಲಿ 250 ಕೂಡ ಬರಲಿಲ್ಲ. ಒಂದು ಕಂಟೇನರಿನಲ್ಲಂತೂ ಬಾಗಿಲ ಬಳಿಯ ಎರಡು ಸಾಲು ಗೋಣಿಗಳಿಗೆ ಬೂಷ್ಟು ಹಿಡಿದಿತ್ತು, ತೇವಾಂಶ ಶೇ. 12 ದಾಟಿತ್ತು. ಔಟ್‌ಟರ್ನಿನ ಕೊರತೆಯಿಂದಲೇ ಒಂಬತ್ತು ಲಕ್ಷಕ್ಕಿಂತ ಮೇಲೆ, ಹಾಳಾದ ಬೀಜ ಸೇರಿದರೆ ಹನ್ನೆರಡು-ಹದಿಮೂರು ಲಕ್ಷ ರೂಪಾಯಿ ಹೋಯಿತು. ಮರುವರ್ಷ ಸಂಘವನ್ನು ಬಿಟ್ಟು ಅಲ್ಲಿನ ಮಧ್ಯವರ್ತಿಯೊಬ್ಬನಿಗೆ 20 ಸಾವಿರ ಡಾಲರ್ ಮುಂಗಡ ಕಳುಹಿಸಿದೆ. ಹಂಗಾಮಿನ ನಡುವೆ ದರ ಏರಿದ್ದೇ ತಡ, ಅವನು ನನ್ನ ದುಡ್ಡಿನಲ್ಲಿ ಕೊಂಡ ಬೀಜವನ್ನು ಇನ್ನೊಬ್ಬರಿಗೆ ಮಾರಿ ಫೋನ್ ಎತ್ತುವುದನ್ನು ನಿಲ್ಲಿಸಿದ. ಅರ್ಧದಷ್ಟು ಹಣ ಮಾತ್ರ ಎರಡು ವರ್ಷಗಳಲ್ಲಿ ಕಂತು ಕಂತಾಗಿ ಮರಳಿತು. ಮನೆಯಲ್ಲಿ ಹೆಂಡತಿ, "ಇನ್ನು ಆ ದೇಶದ ಹೆಸರು ಎತ್ತಬೇಡಿ" ಎಂದಳು. 2020ರಲ್ಲಿ ಕೊರೊನಾ ಬಂದು ಎಲ್ಲವೂ ತಾನಾಗಿಯೇ ನಿಂತಿತು.

ಆ ಬಿಡುವಿನಲ್ಲಿ ಹಳೆಯ ಒಪ್ಪಂದಗಳನ್ನೆಲ್ಲ ಹರಡಿಕೊಂಡು ಕುಳಿತೆ. ನಾವೆಲ್ಲ ಸಹಿ ಹಾಕುವ ಕರಾರಿನಲ್ಲಿ ಔಟ್‌ಟರ್ನ್ ಕಡಿಮೆಯಾದರೆ ದಂಡ ಇರುತ್ತದೆ, ಎರಡು-ಮೂರು ಪೌಂಡ್ ಕೆಳಗಿಳಿದರೆ ತಿರಸ್ಕರಿಸುವ ಹಕ್ಕು ಇರುತ್ತದೆ. ಹೆಚ್ಚಾದರೆ ಬೆಳೆಗಾರನಿಗೆ ಏನು ಎಂಬ ಸಾಲು ನನ್ನ ಕಡತದಲ್ಲಿ ಎಲ್ಲಿಯೂ ಇರಲಿಲ್ಲ. ಚೆನ್ನಾಗಿ ಒಣಗಿಸಿದವನಿಗೂ ಮರದಿಂದ ಉದುರಿದ್ದನ್ನು ಅದೇ ದಿನ ಚೀಲಕ್ಕೆ ತುಂಬಿದವನಿಗೂ ಒಂದೇ ಬೆಲೆ. ಒಣಗಿಸಿದರೆ ತೂಕ ಇಳಿಯುತ್ತದೆ, ತೂಕ ಇಳಿದರೆ ನಷ್ಟ ಅವನಿಗೆ. ಹಾಗಿರುವಾಗ ಅವನೇಕೆ ಒಣಗಿಸಬೇಕು? ಯೋಜನೆಗಳವರು ಹತ್ತು ವರ್ಷ ಬೀಜ ಒಣಗಿಸುವ ತರಬೇತಿ ಕೊಟ್ಟಿದ್ದರು, ರೈತರಿಗೆ ಅದೆಲ್ಲ ಬಾಯಿಪಾಠವಾಗಿತ್ತು. ಹಾಗೆ ಮಾಡಿದರೆ ಸಿಗುವ ಬೆಲೆ ಮಾತ್ರ ಇರಲಿಲ್ಲ.

2021ರಲ್ಲಿ ಅದೇ ಸಂಘದ ಜೊತೆ ಹೊಸದಾಗಿ ಮಾತಿಗೆ ಕುಳಿತೆವು. 47 ಪೌಂಡನ್ನು ಆಧಾರವಾಗಿಟ್ಟು, ಅದರ ಮೇಲೆ ಪ್ರತಿ ಪೌಂಡಿಗೆ ಸುಮಾರು ಶೇ. 2ರಷ್ಟು ಹೆಚ್ಚು, ಕೆಳಗಾದರೆ ಅಷ್ಟೇ ಕಡಿಮೆ. ಮಿತಿಯಿಲ್ಲ. ಕಂಟೇನರ್ ತುಂಬುವಾಗ ತೆಗೆದ ಮಾದರಿಯನ್ನು ಮೂರು ಭಾಗ ಮಾಡಿ ಮೊಹರು ಹಾಕುವುದು. ಒಂದು ಅವರಲ್ಲಿ, ಒಂದು ನಮ್ಮಲ್ಲಿ, ಒಂದು ಮೂರನೆಯವರಲ್ಲಿ. ನಮ್ಮ ಪೊಟ್ಟಣ ವಿಮಾನದಲ್ಲಿ ಬಂದ ಮೇಲೆ ಗೊತ್ತುಮಾಡಿದ ದಿನ ಎರಡೂ ಕಡೆಯವರು ವಿಡಿಯೋ ಕರೆ ಮಾಡಿಕೊಂಡು ಒಟ್ಟಿಗೆ ಕತ್ತರಿಸುವುದು. ತಕ್ಕಡಿ ಒಂದೇ ತಯಾರಿಕೆಯದು, ಕತ್ತರಿಯೂ ಒಂದೇ. ಎರಡನ್ನೂ ನಾನೇ ಇಲ್ಲಿಂದ ಒಯ್ದು ಕೊಟ್ಟೆ, ದಾನವಾಗಿ ಅಲ್ಲ, ಬಿಲ್ಲು ಬರೆದು. ಬಿಲ್ಲು ಬರೆದದ್ದಕ್ಕೆ ಮೊದಲು ಅವರಿಗೆ ಬೇಸರವಾಯಿತು. ಆಮೇಲೆ ಅದೇ ಕಾರಣಕ್ಕೆ ಆ ತಕ್ಕಡಿಯನ್ನು ಬಟ್ಟೆ ಸುತ್ತಿ, ಬೀಗ ಹಾಕಿ ಇಟ್ಟುಕೊಂಡರು. ಆಧಾರ ಬೆಲೆಯನ್ನು ಯಾವ ದಿನ, ಯಾವ ದರದ ಮೇಲೆ ನಿಗದಿ ಮಾಡುತ್ತೇವೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಾಲ್ಕು ಹಂಗಾಮುಗಳಲ್ಲಿ ಏಟು ತಿಂದು ಕಲಿತದ್ದು.

ಮುಂಗಡವನ್ನು ಒಂದೇ ಗಂಟಿನಲ್ಲಿ ಕೊಡುವುದನ್ನು ಬಿಟ್ಟೆ. ಮೊದಲ ಕಂತು ಅಂದಾಜು ಶೇ. 15, ಗೋಣಿಚೀಲಕ್ಕೆ ಮತ್ತು ಖರೀದಿ ಆರಂಭಕ್ಕೆ. ಮುಂದಿನವು ಗೋದಾಮಿಗೆ ಬಿದ್ದ ತೂಕದ ರಸೀದಿಯ ಮೇಲೆ. ಒಟ್ಟು ಶೇ. 60ರವರೆಗೆ ಮುಂಗಡ, ಉಳಿದದ್ದು ಕಟಿಂಗ್ ಮುಗಿದ ವಾರದೊಳಗೆ. ಮುಂಗಡ ಕಳುಹಿಸಿದ ಆರು ತಿಂಗಳೊಳಗೆ ಮಾಲು ಭಾರತಕ್ಕೆ ಬಂದ ದಾಖಲೆ ಬ್ಯಾಂಕಿಗೆ ಸಿಗಬೇಕೆಂಬ ನಿಯಮ ನಿಮಗೆಲ್ಲ ಗೊತ್ತಿರುವುದೇ. ಜನವರಿಯಲ್ಲಿ ಆತುರಪಟ್ಟು ಹಣ ಕಳುಹಿಸಿದರೆ, ಟೆಮಾದಿಂದ ಇಲ್ಲಿಗೆ ಹಡಗು ಬದಲಿಸಿಕೊಂಡು ಬರಲು ಒಂದೂವರೆ ತಿಂಗಳು ಹಿಡಿಯುವುದರಿಂದ, ತಡವಾದ ಒಂದೇ ಒಂದು ಕಂಟೇನರ್ ಇಡೀ ಲೆಕ್ಕವನ್ನು ಕೆಡಿಸುತ್ತದೆ. ನನಗೆ ಒಮ್ಮೆ ಹಾಗಾಗಿ ಬ್ಯಾಂಕಿನವರು ಮುಂದಿನ ಕಂತನ್ನು ಮೂರು ವಾರ ತಡೆಹಿಡಿದರು. ಹಂಗಾಮಿನ ಉಚ್ಛ್ರಾಯದ ಆ ಮೂರು ವಾರಗಳಲ್ಲಿ ಸಂಘದ ಸದಸ್ಯರಲ್ಲಿ ಹಲವರು ಬೇರೆಯವರಿಗೆ ಬೀಜ ಮಾರಿದರು, ಮಾರದೆ ಏನು ಮಾಡಿಯಾರು, ಮಕ್ಕಳ ಶಾಲೆಯ ಫೀಸು ಕಟ್ಟಬೇಕಲ್ಲ. ಈಗ ಫೆಬ್ರವರಿ ಹತ್ತರ ಮೊದಲು ಒಂದು ಡಾಲರನ್ನೂ ಕಳುಹಿಸುವುದಿಲ್ಲ.

ಯಂತ್ರದ ವಿಷಯದಲ್ಲಿ ಇನ್ನೂ ಹೆಚ್ಚು ತಿಣುಕಾಡಿದೆ. ನಿಂತುಹೋದ ಆ ಘಟಕವನ್ನು ಎಬ್ಬಿಸಬೇಕೆಂಬುದು ಸಂಘದವರ ಹಟ. ಎಲ್ಲ ಬೀಜವನ್ನೂ ಕಚ್ಚಾ ಕಳುಹಿಸಿಬಿಟ್ಟರೆ ತಮ್ಮ ಹೆಣ್ಣುಮಕ್ಕಳಿಗೆ ಕೆಲಸವೆಲ್ಲಿ ಎಂಬ ಅವರ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ, ಏಕೆಂದರೆ ಕಾರ್ಕಳದಲ್ಲಿ ನಾನು ಅದೇ ಕಾರಣ ಹೇಳಿ ಕಾರ್ಖಾನೆ ನಡೆಸುತ್ತಿದ್ದೇನೆ. ಸ್ವಯಂಚಾಲಿತ ಯಂತ್ರವನ್ನು ಮುಟ್ಟದೆ, ನಮ್ಮಲ್ಲಿ ಮೊದಲಿದ್ದಂತೆ ಕಾಲಿನಿಂದ ಒತ್ತಿ ಕತ್ತರಿಸುವ ಇಪ್ಪತ್ತು ಯಂತ್ರ, ಒಂದು ಸಣ್ಣ ಸ್ಟೀಮ್ ಕುಕ್ಕರ್, ತಿರುಳು ಒಣಗಿಸುವ ಒಂದು ಬೋರ್ಮಾ ಒಲೆ, ಇಷ್ಟನ್ನು ಸಾಲವಾಗಿ ಕೊಟ್ಟು ಮೂರು ಹಂಗಾಮಿನ ಬೀಜದಲ್ಲಿ ವಸೂಲು ಮಾಡುವುದೆಂದು ಯೋಚಿಸಿದೆ. ಬ್ಯಾಂಕಿನಲ್ಲಿ ಹೇಳಿದ ಕೂಡಲೇ ತಲೆ ಅಲ್ಲಾಡಿಸಿದರು. ಆಗಿನ ನಿಯಮದಂತೆ ರಫ್ತು ಮಾಡಿದ ಯಂತ್ರದ ಹಣ ಒಂಬತ್ತು ತಿಂಗಳಲ್ಲಿ ಬರಬೇಕಿತ್ತು, ಮೂರು ವರ್ಷದ ಗಡುವು ಕೊಟ್ಟರೆ ಅದು ಬೇರೆಯೇ ಅನುಮತಿಯ ವಿಷಯ. ಯಂತ್ರಕ್ಕೆ ಬೀಜ ಎಂಬ ನೇರ ವಿನಿಮಯವೂ ನಡೆಯದು. ಒಂದಿಡೀ ವರ್ಷ ಹೀಗೆ ಹೋಯಿತು. ಕೊನೆಗೆ ಒಂದೇ ಸಲ ಎಲ್ಲ ಯಂತ್ರ ಕೊಡುವ ಬದಲು ವರ್ಷಕ್ಕೆ ಒಂದು ಕಂತಿನಂತೆ ಮೂರು ಕಂತುಗಳಲ್ಲಿ ಕಳುಹಿಸಿದೆ. ಪ್ರತಿ ಕಂತಿಗೂ ಪ್ರತ್ಯೇಕ ರಫ್ತು ಬಿಲ್ಲು, ಆ ವರ್ಷದ ಬೀಜದ ಕೊನೆಯ ಬಾಕಿಯಲ್ಲಿ ಅದರ ಹೊಂದಾಣಿಕೆ. ಒಂದೇ ಪಾರ್ಟಿಯಿಂದ ಬರಬೇಕಾದುದನ್ನೂ ಅವರಿಗೆ ಕೊಡಬೇಕಾದುದನ್ನೂ ಹೀಗೆ ಹೊಂದಿಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಕರಾರಿನಲ್ಲಿ ಅದನ್ನು ಯಾವ ಮಾತುಗಳಲ್ಲಿ ಬರೆಯಬೇಕು ಎಂಬುದಕ್ಕೆ ನನ್ನ ಆಡಿಟರು ತಲೆ ಕೆಡಿಸಿಕೊಂಡಿದ್ದಾರೆ, ಅದನ್ನು ಅವರಲ್ಲೇ ಕೇಳಿ ಪಡೆಯಬೇಕು. ಮೊದಲ ಕಂತಿನ ಮೌಲ್ಯ ಸುಮಾರು ಆರು ಲಕ್ಷ ರೂಪಾಯಿ, ಮೂರೂ ಸೇರಿ ಹದಿನೆಂಟರ ಹತ್ತಿರ. ಮೂರೂ ತೀರಿವೆ.

ಯಂತ್ರದ ಜೊತೆ ನಮ್ಮ ಗ್ರೇಡಿಂಗ್ ವಿಭಾಗದ ಮೇಸ್ತ್ರಿ ಅಕ್ಕನನ್ನು ಎರಡು ತಿಂಗಳು ಅಲ್ಲಿಗೆ ಕಳುಹಿಸಿದ್ದು ನಾನು ಮಾಡಿದ ಅತ್ಯುತ್ತಮ ಕೆಲಸ ಎನ್ನುತ್ತೇನೆ. ಮೂವತ್ತು ವರ್ಷ ಬೀಜದ ನಡುವೆ ಬದುಕಿದವರು, ಇಂಗ್ಲಿಷ್ ನಾಲ್ಕು ಮಾತು, ಅಲ್ಲಿನ ಟ್ವಿ ಭಾಷೆ ಒಂದಕ್ಷರ ಬಾರದು. ತೇವಾಂಶ ಅಳೆಯುವ ಮೀಟರು ಕೆಟ್ಟುಹೋದ ದಿನ ಅವರು ಒಂದು ಹಿಡಿ ಬೀಜವನ್ನು ಎರಡೂ ಕೈಗಳ ನಡುವೆ ಇಟ್ಟು ಕಿವಿಯ ಹತ್ತಿರ ಕುಲುಕಿ, ಒಣಗಿದ್ದರ ಗಲಗಲ ಸದ್ದನ್ನೂ ಹಸಿಯದರ ಮಂದ ಸದ್ದನ್ನೂ ಹೆಂಗಸರಿಗೆಲ್ಲ ಕೇಳಿಸಿದರಂತೆ. ಆಮೇಲೆ ಗೋದಾಮಿನ ಬಾಗಿಲಲ್ಲಿ ಚೀಲ ಇಳಿಸುವಾಗ ಕುಲುಕಿ ನೋಡದೆ ಯಾರೂ ಒಳಗೆ ಬಿಡುತ್ತಿರಲಿಲ್ಲ. "ಅವರ ಕೈ ನಮ್ಮವರಿಗಿಂತ ಚುರುಕು ಅಣ್ಣ, ಒಡೆದದ್ದು ಕಡಿಮೆ" ಎಂದು ಅಲ್ಲಿಂದ ಫೋನ್ ಮಾಡಿ ಹೇಳಿದಾಗ ನಮ್ಮ ಕಟಿಂಗ್ ವಿಭಾಗದಲ್ಲಿ ಎರಡು ದಿನ ಮುನಿಸು.

ಚೀಲದ ವಿಷಯವನ್ನೂ ಹೇಳಬೇಕು. ಅಲ್ಲಿ ರಸಗೊಬ್ಬರದ ಹಳೆಯ ಪ್ಲಾಸ್ಟಿಕ್ ಚೀಲಗಳಲ್ಲಿ ಬೀಜ ತುಂಬುವ ರೂಢಿ ಇತ್ತು. ಒಳಗಿನ ಬೆವರು ಹೊರಗೆ ಹೋಗುವುದಿಲ್ಲ, ಎಳೆ ಬಿಟ್ಟ ಪ್ಲಾಸ್ಟಿಕ್ ತಿರುಳಿನವರೆಗೂ ಬರುತ್ತದೆ. ಹಂಗಾಮಿಗೆ ಮೊದಲೇ ಸೆಣಬಿನ ಗೋಣಿ ಕಳುಹಿಸಿ, ಪ್ರತಿ ಗೋಣಿಗೆ ಸದಸ್ಯನ ಸಂಖ್ಯೆ ಬರೆಸಿದೆ. ಯಾರ ಬೀಜ ಎಷ್ಟು ಪೌಂಡ್ ಎಂದು ಸಂಘದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಪದ್ಧತಿ ಅವರದೇ, ನಾನು ಕಲಿಸಿದ್ದಲ್ಲ. ಕಂಟೇನರಿನ ಗೋಡೆಗೆ ಕಾಗದ ಹೊದಿಸಿ, ತೇವ ಹೀರುವ ಚೀಲಗಳನ್ನು ತೂಗುಹಾಕುವುದು ಎಲ್ಲರೂ ಮಾಡುವುದೇ. ಬಾಗಿಲ ಕಡೆಯ ಕೊನೆಯ ಸಾಲಿಗೆ ನಾನು ಇನ್ನೊಂದು ಉಪಾಯ ಮಾಡುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಕೆಲವು ಪ್ರಯೋಗಗಳಿಗೂ ಕೈ ಹಾಕಿದೆ. ಅಲ್ಲಿ ಗೇರುಹಣ್ಣು ಮರದಡಿ ರಾಶಿ ರಾಶಿ ಕೊಳೆಯುವುದನ್ನು ನೋಡಿ ನಮ್ಮಲ್ಲಿನಂತೆ ರಸ ಹಿಂಡಿಸಿ ನೋಡಿದೆವು. ಒಗರು ತೆಗೆಯಲು ಗಂಜಿತಿಳಿ ಹಾಕಿದ್ದು ಫಲಿಸಿತು, ಆದರೆ ವಿದ್ಯುತ್ತು ಹೋಗಿ ಬರುವ ಊರಿನಲ್ಲಿ ರಸವನ್ನು ಇಡುವುದು ಹೇಗೆಂದು ತಿಳಿಯದೆ ನಿಲ್ಲಿಸಿದೆವು. ಹಣ್ಣನ್ನು ಬಿಸಿಲಿನಲ್ಲಿ ಒಣಗಿಸಿ ಆಡಿಗೆ ತಿನ್ನಿಸುವುದು ಮಾತ್ರ ಒಂದೆರಡು ಮನೆಗಳಲ್ಲಿ ಉಳಿದುಕೊಂಡಿದೆ. ಮುದಿ ಮರಗಳ ತಲೆ ಕಡಿದು, ಹೊಸ ಚಿಗುರಿಗೆ ಪುತ್ತೂರಿನ ಗೇರು ಸಂಶೋಧನಾ ಕೇಂದ್ರದಲ್ಲಿ ನೋಡಿ ಕಲಿತ ಮೃದುಕಾಂಡ ಕಸಿಯನ್ನು ಅಲ್ಲಿನದೇ ಒಳ್ಳೆಯ ಮರದ ಕುಡಿಯಿಂದ ಕಟ್ಟಿದೆವು. ಮೊದಲ ಸಲ ಮೂವತ್ತರಲ್ಲಿ ಐದಾರು ಹಿಡಿದವು. ಉತ್ತರದಿಂದ ಬೀಸುವ ಹರ್ಮಟ್ಟಾನ್ ಒಣಗಾಳಿಯ ಕಾಲದಲ್ಲಿ ಕಟ್ಟಿದ್ದೇ ತಪ್ಪು. ಮಳೆ ಹಿಡಿದ ಮೇಲೆ ಕಟ್ಟಿದವು ಅರ್ಧಕ್ಕಿಂತ ಹೆಚ್ಚು ಬದುಕಿವೆ. ವೆಂಚಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಳ್ಳೆಯ ಕಸಿ ಗಿಡಗಳು ಸಿಗುತ್ತಿರುವಾಗ ನಾನು ಈ ಸಾಹಸಕ್ಕೆ ಅಷ್ಟು ಸಮಯ ಕೊಡಬಾರದಿತ್ತು.

ವ್ಯಾಪಾರದ ನಿಜವಾದ ಪರೀಕ್ಷೆ ಅಲ್ಲಿನ ಹಣದಿಂದ ಬಂತು. 2022ರ ಆರಂಭದಲ್ಲಿ ಡಾಲರಿಗೆ ಸುಮಾರು 6 ಇದ್ದ ಸೆಡಿ ನವೆಂಬರ್ ಹೊತ್ತಿಗೆ 14 ದಾಟಿತು; ಡಿಸೆಂಬರಿನಲ್ಲಿ ಘಾನಾ ವಿದೇಶಿ ಸಾಲದ ಬಹುಭಾಗದ ಪಾವತಿಯನ್ನೇ ನಿಲ್ಲಿಸಿತು, 2023ರ ಮೇ ತಿಂಗಳಲ್ಲಿ ಐಎಂಎಫ್‌ನಿಂದ 300 ಕೋಟಿ ಡಾಲರಿನ ಕಾರ್ಯಕ್ರಮ ಪಡೆಯಬೇಕಾಯಿತು. ನೆರವಿನ ಆಚೆಗೆ ಹೋಗುತ್ತೇವೆಂದ ದೇಶ ಮತ್ತೆ ಅದೇ ಬಾಗಿಲಿಗೆ ಬಂತಲ್ಲ ಎಂದು ಇಲ್ಲಿ ಕೆಲವರು ಹೀಗಳೆದರು. ನನಗೆ ಹಾಗನ್ನಿಸಲಿಲ್ಲ. ಸರಕಾರದ ಖಜಾನೆ ಬರಿದಾದ ಆ ವರ್ಷವೂ ನಮ್ಮ ಸಂಘ ಕಾರ್ಯದರ್ಶಿಯ ಸಂಬಳ, ಗೋದಾಮಿನ ಬಾಡಿಗೆ, ಕಾವಲು, ಎಲ್ಲವನ್ನೂ ತನ್ನ ಕಮಿಷನ್ನಿನಿಂದ ಕೊಟ್ಟಿತ್ತು. ನಮ್ಮ ಬೆಲೆ ಡಾಲರಿನಲ್ಲಿ ಇದ್ದುದರಿಂದ ಸೆಡಿ ಕುಸಿದಾಗ ಸದಸ್ಯರಿಗೆ ಲಾಭವಾಯಿತು. 2025ರ ಮೇ ತಿಂಗಳಲ್ಲಿ ಇದು ತಿರುವುಮುರುವಾಯಿತು: ಕೆಲವೇ ವಾರಗಳಲ್ಲಿ ಡಾಲರಿಗೆ 15ರ ಮೇಲಿದ್ದ ಸೆಡಿ ಹತ್ತರ ಹತ್ತಿರಕ್ಕೆ ಬಲಗೊಂಡು, ಹಂಗಾಮಿನ ಕೊನೆಯ ಬೀಜ ಕೊಟ್ಟವರ ಕೈಗೆ ಮೂರರಲ್ಲೊಂದು ಭಾಗ ಕಡಿಮೆ ಬರುವಂತಾಯಿತು. ಕರಾರಿನ ಪ್ರಕಾರ ನಾನು ಏನೂ ಕೊಡಬೇಕಾಗಿರಲಿಲ್ಲ. ಆದರೂ ಆ ಇಳಿಕೆಯ ಅರ್ಧವನ್ನು ನಾನು ಹೊತ್ತೆ. ಟನ್ನಿಗೆ ಲೆಕ್ಕ ಹಾಕಿದರೆ ಚಿಕ್ಕದಲ್ಲ, ಎರಡು ಕಂಟೇನರಿನ ಮೇಲೆ ಒಟ್ಟು ಹತ್ತು ಲಕ್ಷದ ಮೇಲೆ ಹೋಯಿತು. ಬೆಲೆ ಏರಿದಾಗ ಮಾತಿಗೆ ತಪ್ಪದೆ ಬೀಜವನ್ನು ನನಗಾಗಿ ಇಟ್ಟವರು ಅವರು. ಆ ಋಣ ನನ್ನ ಮೇಲಿತ್ತು.

ಅದೇ ವರ್ಷದ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ದಿಢೀರನೆ ತಡೆಹಿಡಿದಾಗ ಘಾನಾದ ಆರೋಗ್ಯ, ಕೃಷಿ ಯೋಜನೆಗಳೆಲ್ಲ ತತ್ತರಿಸಿದವು. ಏನಾಯಿತೋ ಎಂದು ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ. ಅವರು ನೆರವಿನ ಸುದ್ದಿಯನ್ನೇ ಎತ್ತದೆ, ಗೋಣಿ ಹೊತ್ತ ಲಾರಿ ಟೆಮಾದಿಂದ ಇನ್ನೂ ಏಕೆ ಹೊರಟಿಲ್ಲವೆಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ನಿನ್ನ ಪ್ರತಿಸ್ಪರ್ಧಿಯನ್ನು ನೀನೇ ಸಾಕುತ್ತಿದ್ದೀಯ ಎಂಬುದು ಇಲ್ಲಿನ ಮಿತ್ರರ ದೊಡ್ಡ ಆಕ್ಷೇಪ. ಸಂಘದ ಘಟಕ ಈಗ ದಿನಕ್ಕೆ ಒಂದು ಟನ್ನಿನಷ್ಟು ಬೀಜ ಒಡೆಯುತ್ತದೆ. ನಲವತ್ತು ಹೆಂಗಸರಿಗೆ ಕೆಲಸವಿದೆ. ಹುರಿದ ತಿರುಳು ಕುಮಾಸಿ, ಅಕ್ರಾ ಪೇಟೆಗಳಲ್ಲಿ ಮಾರಾಟವಾಗುತ್ತದೆ. ಅದರಿಂದ ನನ್ನ ಡಬ್ಲ್ಯೂ 320 ದರ್ಜೆಯ ಇಡಿ ತಿರುಳಿನ ಒಬ್ಬ ಗಿರಾಕಿಯೂ ಹೋಗಿಲ್ಲ. ಬೆನಿನ್ ದೇಶ 2024ರ ಏಪ್ರಿಲ್‌ನಿಂದ ಕಚ್ಚಾ ಬೀಜದ ರಫ್ತನ್ನೇ ನಿಷೇಧಿಸಿತು. ಅಲ್ಲಿನ ಬೀಜವನ್ನೇ ನಂಬಿದ್ದವರು ಆ ವರ್ಷ ಹೇಗೆ ಓಡಾಡಿದರೆಂದು ನಾವೆಲ್ಲ ನೋಡಿದ್ದೇವೆ. ಮೊಜಾಂಬಿಕ್‌ನಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆದಿತ್ತು. 1990ರ ದಶಕದಲ್ಲಿ ಸಾಲದ ಷರತ್ತಿಗೆ ಕಟ್ಟುಬಿದ್ದು ಕಚ್ಚಾ ಬೀಜದ ರಫ್ತು ಸುಂಕ ಇಳಿಸಿದ ಮೇಲೆ ಅಲ್ಲಿನ ಕಾರ್ಖಾನೆಗಳು ಮುಚ್ಚಿ ಸಾವಿರಾರು ಮಂದಿ ಬೀದಿಗೆ ಬಿದ್ದರು, ಆ ಬೀಜ ಭಾರತಕ್ಕೇ ಬಂತು. ಇವತ್ತಲ್ಲ ನಾಳೆ ಘಾನಾವೂ ಒಂದು ನಿರ್ಧಾರಕ್ಕೆ ಬರುತ್ತದೆ. ಆ ದಿನ ನನಗೆ ಅಲ್ಲಿ ಒಂದು ಘಟಕದ ಜೊತೆ ಸಂಬಂಧ ಇರಬೇಕೋ, ಏಜೆಂಟನೊಬ್ಬನ ಫೋನ್ ನಂಬರು ಮಾತ್ರ ಇರಬೇಕೋ?

ಒಟ್ಟು ಲೆಕ್ಕ ಹೀಗಿದೆ. 2018ರಿಂದ 2022ರವರೆಗೆ ಮುಳುಗಿದ್ದು ನಲವತ್ತು ಲಕ್ಷದ ಹತ್ತಿರ. 2023ರಿಂದ ಮೂರು ಹಂಗಾಮುಗಳಲ್ಲಿ ಏಜೆಂಟರ ಮೂಲಕ ಕೊಂಡದ್ದಕ್ಕೆ ಹೋಲಿಸಿದರೆ ಟನ್ನಿಗೆ ನಾಲ್ಕರಿಂದ ಐದು ಸಾವಿರ ರೂಪಾಯಿ ಉಳಿಯುತ್ತಿದೆ, ಕಪ್ಪು ಮತ್ತು ಪೊಳ್ಳು ಕಡಿಮೆಯಾದದ್ದರ ಲಾಭ ಬೇರೆ. ಹೋದದ್ದು ಪೂರ್ತಿ ಮರಳಲು ಇನ್ನೂ ಒಂದೆರಡು ಹಂಗಾಮು ಬೇಕು.

ಈ ಬಾರಿ ಸಂಘದವರು ಹೊಸ ಬೇಡಿಕೆ ಇಟ್ಟಿದ್ದಾರೆ. ಕಚ್ಚಾ ಬೀಜದ ಬೆಲೆಯ ಜೊತೆಗೆ, ನಾವಿಲ್ಲಿ ಮಾರುವ ತಿರುಳಿನ ಸರಾಸರಿ ಬೆಲೆ ಒಂದು ಮಟ್ಟ ಮೀರಿದರೆ ಅದರಲ್ಲಿ ಸಣ್ಣದೊಂದು ಪಾಲು ಬೇಕಂತೆ. ಅದಕ್ಕೆ ಬದಲಾಗಿ ಮುಂಗಡವನ್ನು ಶೇ. 60ರಿಂದ 40ಕ್ಕೆ ಇಳಿಸಲು ಒಪ್ಪಿದ್ದಾರೆ, ಉಳಿದ ಬಂಡವಾಳವನ್ನು ತಮ್ಮ ಉಳಿತಾಯದಿಂದಲೇ ಹಾಕುತ್ತಾರಂತೆ. ಎಂಟು ವರ್ಷದ ಹಿಂದೆ ಕಾವಲುಗಾರನ ಸಂಬಳಕ್ಕೆ ಯೋಜನೆಯವರ ದಾರಿ ಕಾಯುತ್ತಿದ್ದವರು ಇವರೇ. ನಾನು ಒಪ್ಪಿದ್ದೇನೆ. ಯಾವ ಗ್ರೇಡುಗಳ ಸರಾಸರಿ, ಯಾವ ತಿಂಗಳಿನದು ಎಂಬುದಿನ್ನೂ ತೀರ್ಮಾನವಾಗಿಲ್ಲ. ಕಾಗದ ಆಡಿಟರ ಮೇಜಿನ ಮೇಲಿದೆ. ಗೋಣಿ ಮಾತ್ರ ಹೊರಟಾಗಿದೆ.